ನಡುವಿನ ಕಪಾಟಿನ ಮೂರು ರೀಲುಗಳು

ಬೆಳಗಿನ ಐದೂ ಕಾಲು. ಅಂಗಡಿಯ ಕಬ್ಬಿಣದ ಬಾಗಿಲು ಅರ್ಧಕ್ಕೇ ಎದ್ದು ನಿಂತಿದೆ. ಒಳಗೆ ಬರುವವರೆಲ್ಲ ತಲೆ ತಗ್ಗಿಸಿಯೇ ಬರಬೇಕು. ಹಿಂಭಾಗದ ಮೇಜಿನ ಮೇಲೆ ಒಂದೇ ದೀಪ. ಅದರ ಕೆಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು, ಕ್ರೋಶಾ ಕಡ್ಡಿಯ ಕೊಕ್ಕೆಯಿಂದ ನೈಲಾನ್ ದಾರದ ಒಂದೊಂದೇ ಎಳೆಯನ್ನು ಎತ್ತುತ್ತಿದ್ದಾರೆ. ಎದುರಿಗೆ ನಿಂತ ಬಸ್ ಡ್ರೈವರ್ ಗಳಿಗೆಗೊಮ್ಮೆ ಗೋಡೆ ಗಡಿಯಾರ ನೋಡುತ್ತಾನೆ. ಇವತ್ತು ಅವನ ವಾರದ ರಜೆ. ಬಿಸಿಲೇರುವ ಮೊದಲು ಅವನು ನೀರಿನ ದಡದಲ್ಲಿರಬೇಕು.

"ಕತ್ತರಿ ಹಾಕಿಬಿಡಿ ರೀಲಕ್ಕ, ಹೊತ್ತಾಯ್ತು."

"ತಲೆಕೂದಲು ಸಿಕ್ಕಾದ್ರೆ ಕತ್ತರಿ ಹಾಕ್ಕೋತೀಯಾ?"

ಡ್ರೈವರ್ ತನ್ನ ಬೋಳು ತಲೆ ಸವರಿಕೊಳ್ಳುತ್ತಾನೆ. "ನನಗೆ ಆ ಕಷ್ಟ ಯಾವಾಗ್ಲೋ ತಪ್ಪಿಹೋಯ್ತು ಅಕ್ಕಾ."

ರೀಲಕ್ಕ ನಗುವುದಿಲ್ಲ. ಇನ್ನೊಂದು ಎಳೆ ಎತ್ತುತ್ತಾರೆ, ಮತ್ತೊಂದು. ಆಮೇಲೆ ಇದ್ದಕ್ಕಿದ್ದಂತೆ ದಾರವೆಲ್ಲ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಡ್ರೈವರ್ ರೀಲನ್ನು ಕಸಿದುಕೊಂಡವನಂತೆ ತೆಗೆದುಕೊಂಡು ಬಗ್ಗಿ ಹೊರಗೆ ಹೋಗುತ್ತಾನೆ. ಅವನು ಹೋದ ಮೇಲೆ ರೀಲಕ್ಕನ ಕಣ್ಣು ಮೇಜಿನ ಎಡ ಮೂಲೆಗೆ ಹೊರಳುತ್ತದೆ. ಅಲ್ಲಿ ಮುಚ್ಚಳ ತೆರೆದ ಮೂರು ಡಬ್ಬಿ, ಮೂರು ಹೊಸ ರೀಲು. ಅವು ಅಲ್ಲಿ ಕೂತು ಹನ್ನೊಂದು ದಿನವಾಯಿತು.

ಮೀನು ಹಿಡಿಯುವ ಸಾಮಾನಿನ ಈ ಅಂಗಡಿಯಲ್ಲಿ ಹೆಚ್ಚು ಜನ ಕೇಳುವುದು ಬೇಟ್‌ಕಾಸ್ಟಿಂಗ್ ರೀಲನ್ನು. ಗಾಳದ ಕೋಲಿನ ಹಿಡಿಯ ಮೇಲೆ ಕೂರುವ, ಮುಷ್ಟಿಯಷ್ಟು ದಪ್ಪದ ಯಂತ್ರ. ಗಾಳ ಎಸೆದಾಗ ದಾರ ಸುತ್ತಿದ ಉರುಳೆ ಗಿರ್ರೆಂದು ತಿರುಗುತ್ತದೆ. ದಾರಕ್ಕಿಂತ ಉರುಳೆ ಮುಂದೋಡಿದರೆ ಮುಗಿಯಿತು, ಎಲ್ಲ ಸಿಕ್ಕು. ಹಾಗಾಗದಂತೆ ಕಾಯುವುದು ಎಸೆಯುವವರ ಹೆಬ್ಬೆರಳು. ಅದು ಉರುಳೆಯ ಮೇಲೆ ಇದ್ದೂ ಇಲ್ಲದ ಹಾಗೆ ಇರಬೇಕು, ದಾರದ ತುದಿಯ ಸೀಸದ ಗುಂಡು ನೀರು ಮುಟ್ಟುವ ಹೊತ್ತಿಗೆ ಸರಿಯಾಗಿ ಒತ್ತಬೇಕು. ರೀಲಿನ ಬ್ರೇಕು ಬೆರಳಿಗೆ ಸಹಾಯ ಮಾಡುತ್ತದೆ, ಅಷ್ಟೆ. ಬೆರಳಿನ ಕೆಲಸವನ್ನು ತಾನೇ ಮಾಡುವುದಿಲ್ಲ.

"ಅಗ್ಗದ್ರಲ್ಲಿ ಯಾವುದು ತೊಗೊಂಡ್ರೂ ಒಂದೇ, ಎರಡು ವರ್ಷಕ್ಕೆ ಗೊರಗೊರ ಅನ್ನುತ್ತೆ. ದುಬಾರಿದ್ರಲ್ಲಿ ಯಾವುದು ತೊಗೊಂಡ್ರೂ ಚೆನ್ನಾಗೇ ಇರುತ್ತೆ. ನಡುವಿನ ಕಪಾಟು ಇದೆ ನೋಡಿ, ತಲೆ ತಿನ್ನೋದು ಅದು," ಎನ್ನುತ್ತಾರೆ ರೀಲಕ್ಕ. "ಒಂದಕ್ಕೆ ಬೇರಿಂಗು ಚೆನ್ನಾಗಿ ಹಾಕಿರ್ತಾರೆ, ಬ್ರೇಕಲ್ಲಿ ಜಿಪುಣತನ ಮಾಡಿರ್ತಾರೆ. ಇನ್ನೊಂದಕ್ಕೆ ಬ್ರೇಕು ಚೆನ್ನಾಗಿರುತ್ತೆ, ಹಿಡಿಕೆ ಅಲ್ಲಾಡುತ್ತೆ. ಎಲ್ಲಾದ್ರಲ್ಲೂ ಒಂದು ಕೊರತೆ ಇದ್ದೇ ಇರುತ್ತೆ. ಯಾರಿಗೆ ಯಾವ ಕೊರತೆ ಸರಿಹೋಗುತ್ತೆ ಅಂತ ನೋಡಿ ಕೊಡ್ಬೇಕು."

ಬಂದವರು ಸಾಮಾನ್ಯವಾಗಿ ಹಿಡಿಕೆ ತಿರುಗಿಸಿ, ಕಿವಿಗೆ ಹಿಡಿದು, ಸದ್ದಿಲ್ಲದ್ದನ್ನು ಎತ್ತಿಕೊಳ್ಳುತ್ತಾರೆ. ರೀಲಕ್ಕ ಅದನ್ನು ಮೆಲ್ಲಗೆ ಕೈಯಿಂದ ಬಿಡಿಸಿ ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ತೂಕದ ಗುಂಡು ಎಸೀತೀರಿ? ಸಿಟ್ಟು ಬೇಗ ಬರುತ್ತಾ? ಎರಡನೆಯದಕ್ಕೆ ಗಂಡಸರು ನಗುತ್ತಾರೆ, ಜೊತೆಗೆ ಬಂದ ಹೆಂಡತಿಯರು ಉತ್ತರ ಹೇಳುತ್ತಾರೆ. ಎರಡು ನಿಮಿಷದಲ್ಲಿ ರೀಲು ತೀರ್ಮಾನವಾಗುತ್ತದೆ. ದಿನಕ್ಕೆ ಹದಿನಾಲ್ಕು ಹದಿನೈದು ರೀಲು ಬಿಚ್ಚಿ ತೊಳೆದು ಎಣ್ಣೆ ಹಾಕುತ್ತಾರೆ, ಆರೇಳು ಸಿಕ್ಕು ಬಿಡಿಸುತ್ತಾರೆ. ಒಂದು ರೀಲಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಬಿಡಿಭಾಗ. ಬಿಚ್ಚಿದ ಕ್ರಮದಲ್ಲೇ ಅವನ್ನು ಮೊಟ್ಟೆಯ ತಟ್ಟೆಯ ಗುಳಿಗಳಲ್ಲಿ ಇಡುತ್ತ ಹೋಗುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಕಳೆದುಹೋಗಿರುವುದು ಎರಡೇ ಸ್ಪ್ರಿಂಗು. ಅವೆರಡೂ ಎಂದಾದರೂ ಸಿಕ್ಕಾವೆಂದು ಕಸ ಗುಡಿಸುವಾಗ ಇವತ್ತಿಗೂ ನೆಲ ನೋಡುತ್ತಾರೆ.

ಈ ಮೇಜು ಮೊದಲು ಅವರ ಅಣ್ಣನದು. ಅಣ್ಣ ಇಲ್ಲಿ ಇಪ್ಪತ್ತಾರು ವರ್ಷ ರೀಲು ರಿಪೇರಿ ಮಾಡಿದವರು. ತಂಗಿ ಬಂದದ್ದು ಅಂಗಡಿ ಗುಡಿಸಲು. ಒಂದು ಮಧ್ಯಾಹ್ನ ಅಣ್ಣ ಊಟಕ್ಕೆ ಹೋದಾಗ, ಬಿಚ್ಚಿಟ್ಟಿದ್ದ ರೀಲನ್ನು ತಂಗಿ ಸುಮ್ಮನೆ ಜೋಡಿಸಿಬಿಟ್ಟರು. ಅಣ್ಣ ಬಂದು ನೋಡಿದರು. ಪೂರ್ತಿ ಬಿಚ್ಚಿ ಮತ್ತೆ ಮುಂದಿಟ್ಟರು. "ಹದಿನೇಳು ಸಲ ಬಿಚ್ಚಿದ. ಹದಿನೆಂಟನೇ ಸಲ ಬಿಚ್ಚಲಿಲ್ಲ. ಕಲಿಸಿದ್ದು ಅಂದ್ರೆ ಅಷ್ಟೇ," ಎನ್ನುತ್ತಾರೆ. ಮೊದಮೊದಲು ಗಿರಾಕಿಗಳು ಇವರನ್ನು ದಾಟಿ ಹಿಂದೆ ಇಣುಕುತ್ತಿದ್ದರು. "ರಿಪೇರಿಯವರು ಇಲ್ವಾ?" ಇವರು ಹೇಳುತ್ತಿದ್ದರು, "ಇದ್ದಾರೆ, ಕೊಡಿ." ಒಳಗೆ ಹೋಗಿ, ಸರಿಮಾಡಿ ತಂದು, "ರಿಪೇರಿಯವರು ಕೊಟ್ರು" ಎನ್ನುತ್ತಿದ್ದರು. ಸೀಮೆಎಣ್ಣೆಯಲ್ಲಿ ಬೇರಿಂಗು ತೊಳೆದು ತೊಳೆದು ಬೆರಳ ತುದಿ ಒಡೆದಿದೆ. ಕುತ್ತಿಗೆ ಬಲಕ್ಕೆ ಪೂರ್ತಿ ತಿರುಗುವುದಿಲ್ಲ. ಕೇಳಿದರೆ, "ಬಲಕ್ಕೆ ಗೋಡೆ ತಾನೇ ಇರೋದು, ನೋಡೋಕೇನಿದೆ?" ಎಂದು ಮಾತು ಮುಗಿಸುತ್ತಾರೆ.

ಹೋದ ವರ್ಷ ಅಣ್ಣನಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ನಡಿಗೆ ಮರಳಿತು. ಬಲಗೈಯೂ ಏಳುತ್ತದೆ. ಹೆಬ್ಬೆರಳಿಗೆ ಮಾತ್ರ ಸ್ಪರ್ಶ ಗೊತ್ತಾಗುವುದಿಲ್ಲ. ಅವರ ಹಳೆಯ ರೀಲಿನ ಹಲ್ಲು ಸವೆದಿದೆ, ಆ ಕಂಪನಿ ಈಗ ಬಿಡಿಭಾಗ ಮಾಡುತ್ತಿಲ್ಲ. ಹನ್ನೆರಡು ದಿನದ ಹಿಂದೆ ಹಳೆಯ ಗೆಳೆಯರು ಬಂದು, ಈ ಭಾನುವಾರ ಮೀನು ಹಿಡಿಯಲು ಕರೆದರು. ಅಣ್ಣ ಹೂಂ ಎಂದರು. ತಂಗಿಗೆ ಫೋನ್ ಮಾಡಿ, "ಒಂದು ರೀಲು ನೋಡಿಡು. ನಡುವಿನ ಕಪಾಟಿಂದ ಸಾಕು," ಎಂದು ಇಟ್ಟುಬಿಟ್ಟರು.

"ಅವನು ಹೂಂ ಅಂದಿದ್ದೇ ಭಯ," ಎನ್ನುತ್ತಾರೆ ರೀಲಕ್ಕ. "ಒಂದು ಸಲ ಆಗಲಿಲ್ಲ ಅಂದ್ರೆ ಮತ್ತೆ ಮುಟ್ಟಲ್ಲ ಅವನು. ಆಸ್ಪತ್ರೆಯಿಂದ ಬಂದ ವಾರ ಗಡ್ಡ ಮಾಡ್ಕೊಳ್ಳೋಕೆ ಹೋಗಿ ಕೆನ್ನೆ ಕುಯ್ಕೊಂಡ. ಆವತ್ತಿಂದ ಅತ್ತಿಗೇನೇ ಮಾಡ್ತಾಳೆ. ಸೈಕಲ್ ಮೇಲಿಂದ ಬಿದ್ದ, ಸೈಕಲ್ ಮಾರ್ದ. ಭಾನುವಾರ ಆ ಗೆಳೆಯರ ಮುಂದೆ ಮೊದಲ ಎಸೆತಕ್ಕೇ ಸಿಕ್ಕಾದ್ರೆ, ಕೋಲು ಅಟ್ಟಕ್ಕೆ ಹೋಗುತ್ತೆ. ಆಮೇಲೆ ಅವನಿಗೆ ಏನು ಉಳಿಯುತ್ತೆ ಹೇಳಿ?"

ಹೀಗಾಗಿ ಹನ್ನೊಂದು ದಿನ. ಮೊದಲನೆಯ ರೀಲು ತೀರಾ ಸಲೀಸು, ಗಾಳಿ ಊದಿದರೂ ತಿರುಗುತ್ತದೆ. ಹೆಬ್ಬೆರಳು ಎಚ್ಚರವಿದ್ದವರಿಗೆ ಮಾತ್ರ ಅದು. ಎರಡನೆಯದರ ಬ್ರೇಕು ಬಿಗಿ, ಸಿಕ್ಕಾಗುವುದು ಅಪರೂಪ. ಆದರೆ ಗುಂಡು ದೂರ ಹೋಗುವುದಿಲ್ಲ, ಕಲಿಯುವವರಿಗೆ ಕೊಡುವ ರೀಲೆಂದು ಅಣ್ಣನಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಮೂರನೆಯದು ಎಡಗೈಯಲ್ಲಿ ಎಸೆಯುವವರಿಗೆ ಒಗ್ಗುವಂಥದ್ದು. ಎಡ ಹೆಬ್ಬೆರಳಿಗೆ ಸ್ಪರ್ಶ ಇದೆ, ನಿಜ. ಆದರೆ ನಲವತ್ತು ವರ್ಷ ಎಸೆದದ್ದು ಬಲಗೈ.

ಸೋಮವಾರ ರೀಲಕ್ಕ ಎರಡನೆಯದನ್ನು ಕಟ್ಟಿಟ್ಟರು. ಮಂಗಳವಾರ ಬಿಚ್ಚಿದರು. ಬುಧವಾರ, ಕಾಗದ ಎಣಿಸುವವರು ಬೆರಳಿಗೆ ತೊಡುವ ರಬ್ಬರ್ ಟೊಪ್ಪಿಗೆಯನ್ನು ತಮ್ಮ ಹೆಬ್ಬೆರಳಿಗೆ ಎರಡು ಪದರ ಏರಿಸಿಕೊಂಡು, ಅಂಗಡಿಯ ಹಿಂದಿನ ಸಿಮೆಂಟ್ ಅಂಗಳದಲ್ಲಿ ಸೀಸದ ಗುಂಡು ಎಸೆದು ನೋಡಿದರು. ಮೊದಲನೆಯ ರೀಲು ಮೂರು ಎಸೆತಕ್ಕೆ ಮೂರು ಸಲವೂ ಸಿಕ್ಕಾಯಿತು. ಗುರುವಾರ ಅದೇ ರೀಲು, ಅದೇ ಟೊಪ್ಪಿಗೆ; ಒಂದೂ ಸಿಕ್ಕಾಗಲಿಲ್ಲ. ಯಾಕೆಂದು ಅವರಿಗೂ ತಿಳಿಯದು. "ನನ್ನ ಬೆರಳೇ ಕಲ್ತುಬಿಡ್ತೋ, ಗಾಳಿ ಇರಲಿಲ್ವೋ! ಯಾವುದನ್ನ ನಂಬಲಿ?"

ಅಂಗಡಿ ಯಜಮಾನರು ದುಬಾರಿಯದನ್ನು ಕೊಡು ಎಂದರು. ಗಂಡ, ನೀರು ಕಂಡರೆ ನಾಲ್ಕು ಹೆಜ್ಜೆ ಹಿಂದೆ ನಿಲ್ಲುವ ಮನುಷ್ಯ, "ಮೂರನ್ನೂ ಕಳಿಸು, ಮೀನು ಯಾವುದಕ್ಕೆ ಬೀಳುತ್ತೋ ಅದನ್ನ ಇಟ್ಕೊಳ್ಲಿ" ಎಂದರು. "ಊರಿಗೆಲ್ಲ ಎರಡು ನಿಮಿಷದಲ್ಲಿ ಹೇಳ್ತೀನಿ," ರೀಲಕ್ಕ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಾರೆ. "ಸ್ವಂತ ಅಣ್ಣನಿಗೆ ಹೇಳೋಕಾಗ್ತಿಲ್ಲ. ನನಗೆ ಬುದ್ಧಿ ಇದೆಯೋ ಇಲ್ವೋ ಅಂತಾನೇ ಅನುಮಾನ ಬಂದಿದೆ."

ಶನಿವಾರ ಬೆಳಿಗ್ಗೆ ಆರಕ್ಕೆ ಅಣ್ಣನೇ ಬರುತ್ತಾರೆ. ಹಿಂದೆ ಅತ್ತಿಗೆ. ಬಾಗಿಲ ಕೆಳಗೆ ಬಗ್ಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಯಾರೂ ಕೈ ಕೊಡುವುದಿಲ್ಲ, ಕೊಡಬಾರದೆಂದು ಎಲ್ಲರಿಗೂ ಗೊತ್ತಿದ್ದ ಹಾಗಿದೆ. ಅಣ್ಣ ಮೂರೂ ರೀಲು ನೋಡುತ್ತಾರೆ. ಎಡಗೈಯ ತೋರುಬೆರಳಿನಿಂದ ಮೊದಲನೆಯದರ ಉರುಳೆ ತಟ್ಟುತ್ತಾರೆ. ಅದು ತಿರುಗುತ್ತಲೇ ಇರುತ್ತದೆ.

"ಇದು."

"ಅಣ್ಣ, ಅದು ತುಂಬಾ ಸಡಿಲ..."

"ಇದೇ ಪುಟ್ಟಿ. ಎಣ್ಣೆ ಹಾಕಿ ಕೊಡು."

ಅತ್ತಿಗೆ ಗಂಡನ ಬೆನ್ನ ಹಿಂದಿನಿಂದ ನಾದಿನಿಯ ಮುಖ ನೋಡುತ್ತಾರೆ. ರೀಲಕ್ಕ ರೀಲು ಹಿಡಿದು ಒಳಗಿನ ಬೆಳಕಿಗೆ ಹೋಗುತ್ತಾರೆ. ಪಕ್ಕದ ಮುಚ್ಚಳ ತೆಗೆದರೆ ಒಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ನಾಲ್ಕು ಪ್ಲಾಸ್ಟಿಕ್ ತುಂಡುಗಳು. ಹೊರಕ್ಕೆ ಎಳೆದರೆ ಬ್ರೇಕು ಹಿಡಿಯುತ್ತದೆ, ಒಳಕ್ಕೆ ತಳ್ಳಿದರೆ ಬಿಡುತ್ತದೆ. ಮುಚ್ಚಳ ಹಾಕಿದ ಮೇಲೆ ಹೊರಗಿನಿಂದ ಏನೂ ಕಾಣುವುದಿಲ್ಲ. "ನನಗೆಲ್ಲ ಗೊತ್ತು, ಸಡಿಲ ಮಾಡಿಕೊಡಿ" ಎನ್ನುವ ಹೊಸಬರಿಗೆ ರೀಲಕ್ಕ ಇಷ್ಟು ವರ್ಷ ಗುಟ್ಟಾಗಿ ಮಾಡಿಕೊಂಡು ಬಂದ ಉಪಕಾರ ಇದು: ಹೂಂ ಎಂದು, ಒಳಗೆ ಹೋಗಿ, ನಾಲ್ಕನ್ನೂ ಎಳೆದು ಕೊಡುವುದು. ಅವರು ಸಿಕ್ಕಿಲ್ಲದೆ ಎಸೆದು, ತಮ್ಮ ಕೈಚಳಕವೆಂದು ಬೀಗಿ, ಒಂದೆರಡು ತಿಂಗಳಲ್ಲಿ ನಿಜಕ್ಕೂ ಕಲಿತಿರುತ್ತಾರೆ. ಯಾರಿಗೂ ನಷ್ಟವಿಲ್ಲ.

ಆದರೆ ಈ ಮುಚ್ಚಳ ತೆಗೆಯಲು ಅವರಿಗೆ ಕಲಿಸಿದ್ದೇ ಆ ಅಣ್ಣ. ಹಾಗೇ ಕೊಟ್ಟರೆ ನಾಳೆ ಸಿಕ್ಕಾಗುತ್ತದೆ. ಎಳೆದು ಕೊಟ್ಟರೆ, ಅಣ್ಣ ಮುಚ್ಚಳ ತೆಗೆದು ನೋಡಿದರೆ, ತಂಗಿ ತನ್ನ ಬಗ್ಗೆ ಏನೆಂದುಕೊಂಡಿದ್ದಾಳೆ ಎಂಬುದು ಅಲ್ಲಿ ಬರೆದಿಟ್ಟಂತೆ ಇರುತ್ತದೆ. ಅತ್ತ ದರಿ, ಇತ್ತ ಪುಲಿ. ರೀಲಕ್ಕ ಒಂದನ್ನು ಎಳೆಯುತ್ತಾರೆ. ತಳ್ಳುತ್ತಾರೆ. ಹೊರಗಿನಿಂದ ಅಣ್ಣನ ದನಿ: "ಎಣ್ಣೆ ಹಾಕ್ತಿದೀಯೋ, ಗಾಣದಲ್ಲಿ ಹಿಂಡ್ತಿದೀಯೋ?"

ನಾಲ್ಕನ್ನೂ ಎಳೆದು ಮುಚ್ಚಳ ಒತ್ತುತ್ತಾರೆ. ಹೊರಗೆ ಬಂದು ಕೊಡುವಾಗ ಅಣ್ಣನ ಮುಖ ನೋಡುವುದಿಲ್ಲ.

ಭಾನುವಾರ ಅಂಗಡಿಗೆ ರಜೆ. ರೀಲಕ್ಕ ದಡಕ್ಕೆ ಹೋಗಲಿಲ್ಲ, ಫೋನನ್ನೂ ಮಾಡಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದರಂತೆ. ಸಂಜೆ ಅತ್ತಿಗೆಯ ಫೋನು ಬಂತು. "ಬಂದ್ರು. ಊಟ ಮಾಡಿದ್ರು. ಮಾತಾಡ್ತಿಲ್ಲ." ಅಷ್ಟೇ. ಮಾತಾಡದಿರುವುದಕ್ಕೆ ಆ ಮನೆಯಲ್ಲಿ ಹತ್ತು ಅರ್ಥ. ಅದರಲ್ಲಿ ಯಾವುದೆಂದು ಅತ್ತಿಗೆಗೂ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಅಣ್ಣ ಒಬ್ಬರೇ ಬರುತ್ತಾರೆ. ಪ್ಲಾಸ್ಟಿಕ್ ಚೀಲದಿಂದ ರೀಲು ತೆಗೆದು ಮೇಜಿನ ಮೇಲೆ ಇಡುತ್ತಾರೆ. ಉರುಳೆಯೇ ಕಾಣದಷ್ಟು ಸಿಕ್ಕು. ರೀಲಕ್ಕನ ಕೈ ಅದರ ಹತ್ತಿರ ಹೋಗಿ ಅಲ್ಲೇ ನಿಲ್ಲುತ್ತದೆ.

"ನೀನು ನಾಲ್ಕೂ ಎಳೆದಿದ್ದೆ," ಅಣ್ಣ ಹೇಳುತ್ತಾರೆ.

"ಹೂಂ."

"ಮೂರನೇ ಎಸೆತಕ್ಕೆ ಗೊತ್ತಾಯ್ತು. ಗುಂಡು ಮುಗ್ಗರಿಸ್ತಾ ಇತ್ತು."

"ಬೈಯೋ ಹಾಗಿದ್ರೆ ಬೈದುಬಿಡು ಅಣ್ಣ."

ಅಣ್ಣ ಬೈಯುವುದಿಲ್ಲ. ಗೋಡೆಗೆ ಒರಗಿ ನಿಂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಮೊಟ್ಟೆಯ ತಟ್ಟೆ ನೋಡುತ್ತಾರೆ. "ಎರಡು ಒಳಗೆ ತಳ್ಳಿದೆ. ನಿಮ್ಮತ್ತಿಗೆಯ ತಲೆಪಿನ್ನು ಜೇಬಲ್ಲಿತ್ತು, ಅದರಲ್ಲೇ. ಆಮೇಲೆ ಗುಂಡು ದೂರ ಹೋಯ್ತು."

"ಮತ್ತೆ ಇದು?"

"ಇದು ಆಮೇಲಿನದು. ಮೂರನೆಯದನ್ನೂ ತಳ್ಳಿದೆ." ರೀಲನ್ನು ತಂಗಿಯ ಕಡೆ ಸರಿಸಿ, "ಎರಡೇ ಇರಲಿ. ಮುಂದಿನ ಭಾನುವಾರದೊಳಗೆ ಬೇಕು," ಎನ್ನುತ್ತಾರೆ. ಮೀನು ಸಿಕ್ಕಿತೇ ಎಂದು ತಂಗಿ ಕೇಳುವುದಿಲ್ಲ, ಅಣ್ಣ ಹೇಳುವುದಿಲ್ಲ. ಬಾಗಿಲ ಕೆಳಗೆ ಬಗ್ಗಿ ಹೊರಟುಹೋಗುತ್ತಾರೆ.

ರೀಲಕ್ಕ ದೀಪವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಹೇಳದೆ ಬ್ರೇಕು ಹಾಕಿದ್ದು ಸರಿಯೇ, ತಪ್ಪೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. "ಇನ್ನೂ ಗೊತ್ತಾಗ್ತಿಲ್ಲ. ಹಾಕ್ದೆ ಇದ್ದಿದ್ರೆ ಮೊದಲ ಎಸೆತಕ್ಕೇ ಎದ್ದು ಬರ್ತಿದ್ನೋ ಏನೋ. ಬರ್ತಾನೂ ಇರಲಿಲ್ವೋ ಏನೋ. ಅವನ ಬೆರಳು ಅವನಿಗೆ ಗೊತ್ತು, ನಾನ್ಯಾಕೆ ನಡುವೆ ಹೋದೆ ಅಂತಾನೂ ಅನ್ಸುತ್ತೆ." ಕಡ್ಡಿಯ ಕೊಕ್ಕೆಗೆ ಮೊದಲ ಎಳೆ ಸಿಗುತ್ತದೆ. ಅದನ್ನು ಮೇಲೆತ್ತಿ, ಬೆಳಕಿಗೆ ಹಿಡಿದು, ಮೊದಲ ಸಲ ಸಣ್ಣಗೆ ನಗುತ್ತಾರೆ.

"ಎಷ್ಟು ಸಿಕ್ಕು ಮಾಡ್ಕೊಂಡು ಬಂದಿದಾನೆ ನೋಡಿ. ಇಷ್ಟಾಗಬೇಕು ಅಂದ್ರೆ ಪೂರ್ತಿ ಜೋರಾಗಿ ಎಸೆದಿರ್ಬೇಕು."