ಜಟೆ ತೆಗೆದಾಕೆ

ಕಾಗದ ಮಿಲ್ಲಿನ ಕಾಲೊನಿಯಾದ ಬಂಗೂರನಗರದಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಹುಡುಗಿಯಾಗಿದ್ದಾಗಲೇ ತಲೆಯಲ್ಲಿ ಜಟೆ ಕಟ್ಟಿತ್ತು. ದೇವಿ ಬಂದು ಕೂತಿದ್ದಾಳೆಂದು ಮನೆಯವರು ಅದಕ್ಕೆ ಭಂಡಾರದ ಅರಿಸಿನ ಹಚ್ಚಿ ಪೂಜಿಸುತ್ತಿದ್ದರು, ಬಾಚಣಿಗೆ ಮುಟ್ಟಿಸುತ್ತಿರಲಿಲ್ಲ. ಆ ಭಾರಕ್ಕೆ ಆಕೆಯ ಕುತ್ತಿಗೆ ಒಂದು ಕಡೆ ವಾಲಿರುತ್ತಿತ್ತು. ಮಂಗಳವಾರದ ಉಪವಾಸ ಬಿಟ್ಟಾಗಲೂ, ಗುಡಿಗೆ ಹೋಗುವುದನ್ನು ನಿಲ್ಲಿಸಿದಾಗಲೂ ಆಕೆ ಅಂದದ್ದು ಒಂದೇ ಮಾತು: “ಏನಾಗತೈತಿ, ನೋಡೂಣು.”

ತೊಂಬತ್ತರ ದಶಕದ ಒಂದು ಬೇಸಿಗೆಯ ಬೆಳಿಗ್ಗೆ ನನ್ನನ್ನು ಹಿತ್ತಲಿಗೆ ಕರೆದು ಕೈಗೆ ಕತ್ತರಿ ಕೊಟ್ಟಳು. ನಾನು ಅದನ್ನು ಹಿಡಿದು ಹಿಂದೆ ಸರಿದೆ.

“ಅಕ್ಕಾ, ದೇವಿ ಸಿಟ್ಟಾದ್ರ?”

“ನನ್ನ ಪಾಲಿಗೆ ಆಕಿ ಇಲ್ಲವ್ವಾ. ಇದು ಬರೇ ಗಂಟು ಬಿದ್ದ ಕೂದಲ,” ಎಂದು ಕತ್ತರಿ ಕಸಿದು ತಾನೇ ಕತ್ತರಿಸಿಕೊಂಡಳು.

ಆಕೆಯ ಜೊತೆಗೇ ವಾಸವಾಗಿದ್ದ ತಾಯಿ ಅಳುತ್ತ ಹೊಸ್ತಿಲಲ್ಲಿ ಕೂತರು. ದೇವಿಯ ಸಿಟ್ಟಿಗೆ ಮಗಳು ಎಲ್ಲಿ ರಕ್ತ ಕಾರುತ್ತಾಳೋ ಎಂದು ಸಂಜೆಯವರೆಗೆ ನೋಡುತ್ತಲೇ ಇದ್ದರು. ಮಗಳು ರೊಟ್ಟಿ ಬಡಿದಳು, ಬಟ್ಟೆ ಒಗೆದಳು, ತಾಯಿಗೆ ಒತ್ತಾಯ ಮಾಡಿ ಉಣಿಸಿದಳು. ಮಿಲ್ಲಿನ ಸೈರನ್ ಕೂಗಿದಾಗ ತಾಯಿ ಎದ್ದು ಬಚ್ಚಲ ಒಲೆಗೆ ಉರಿ ಹಾಕಿದರು.

“ಬಾ, ತಲಿ ಎರಿತೇನಿ.”

ಸೀಗೆಕಾಯಿ ಹಚ್ಚಿ ತಿಕ್ಕುತ್ತ, “ಎಷ್ಟ ವರ್ಷಾತು ನಿನ್ನ ತಲಿ ಹಿಂಗ ಮುಟ್ಟಿ,” ಎಂದರು. ಆಕೆ ನಗತೊಡಗಿದಳು. ಆ ನಗು ನಮ್ಮ ಅಡುಗೆಮನೆಯವರೆಗೆ ಕೇಳುತ್ತಿತ್ತು.