ಹನ್ನೊಂದು ಮನೆಯ ಒಮ್ಮತ

ನುಕಾಗಾ ಚಿಸಾಕೊ ಮೂವತ್ತೊಂದು ವರ್ಷ ಪ್ರವಾಸಿ ಬಸ್ಸಿನಲ್ಲಿ ಮೈಕು ಹಿಡಿದು ನಿಂತವರು. ಅವರು ‘ಬಲಗಡೆ ನೋಡಿ’ ಎಂದರೆ ನಲವತ್ತೈದು ತಲೆಗಳು ಒಟ್ಟಿಗೆ ಬಲಕ್ಕೆ ತಿರುಗುತ್ತಿದ್ದವು. ಮಂಜು ಕವಿದು ಏನೂ ಕಾಣದ ದಿನವೂ ತಿರುಗುತ್ತಿದ್ದವು.

ನಿವೃತ್ತಿಯಾದ ಮೇಲೆ ಪಿಂಚಣಿ ಸಾಕಾಗುತ್ತಿತ್ತು. ಆದರೆ ಮೈಕು ಇರಲಿಲ್ಲ. ಎರಡು ವರ್ಷ ಅವರು ಅನ್ನದ ಕುಕ್ಕರಿನ ಜೊತೆ ಮಾತಾಡಿದರು. ಅರವತ್ತೆರಡನೆಯ ವಯಸ್ಸಿನಲ್ಲಿ, ಜಪಾನಿನ ತೊಯಾಮಾ ಕೊಲ್ಲಿಯ ದಡದ ತಮ್ಮೂರಿನ ಪುರಸಭೆಯಲ್ಲಿ ಒಂದು ವರ್ಷದ ಗುತ್ತಿಗೆ ಕೆಲಸ ಸಿಕ್ಕಿತು. ಬೀದಿ ಬೀದಿಯ ನಿವಾಸಿಗಳ ಸಭೆಯನ್ನು ಟ್ಯಾಬ್ಲೆಟ್ಟಿನಲ್ಲಿ ನಡೆಸಿಕೊಡುವ ಕೆಲಸ. ಪ್ರತಿಯೊಬ್ಬರೂ ಹೆಸರು ಹಾಕದೆ ಒಂದು ಚೀಟಿ ಬರೆಯುವುದು, ಎಲ್ಲ ಚೀಟಿಗಳೂ ಪರದೆಯ ಮೇಲೆ ಮೂಡುವುದು. ಹೆಸರಿಲ್ಲದಿದ್ದರೆ ಸಂಕೋಚದವರೂ ಮನಸ್ಸು ಬಿಚ್ಚುತ್ತಾರೆ ಎಂದು ಪುರಸಭೆ ನಂಬಿತ್ತು.

ಹನ್ನೊಂದು ತಿಂಗಳಲ್ಲಿ ಚಿಸಾಕೊ ಮೂವತ್ತನಾಲ್ಕು ಸಭೆ ನಡೆಸಿದರು. ಒಂದೂ ತೀರ್ಮಾನಕ್ಕೆ ಬರಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಒಂದಾದರೂ ತೀರ್ಮಾನ ಜಾರಿಯಾಗದಿದ್ದರೆ ಗುತ್ತಿಗೆ ಮುಂದುವರಿಯುವುದಿಲ್ಲ ಎಂದು ವಿಭಾಗದ ಮುಖ್ಯಸ್ಥ ಹಿರುಕಾವಾ ಬಹಳ ನಯವಾಗಿ, ಎರಡು ಸಲ ತಲೆಬಾಗಿ ತಿಳಿಸಿದ್ದರು.

ಉಳಿದಿದ್ದುದು ಹಮಾಗುಚಿ ಬೀದಿ ಒಂದೇ. ಅಲ್ಲಿ ಹನ್ನೊಂದು ಮನೆಗಳು. ಲಾರಿಗಾಗಿ ಎಲ್ಲ ಮನೆಯವರೂ ಕಸದ ಚೀಲಗಳನ್ನು ಇಡುತ್ತಿದ್ದ ಮೂಲೆ ನಿವೇಶನ ಮಾರಾಟವಾಗಿ, ಹೊಸ ಜಾಗ ಬೇಕಾಗಿತ್ತು. ಯಾರ ಮನೆಯ ಮುಂದೆ ಎಂಬುದೇ ಪ್ರಶ್ನೆ.

ಮನೆಯಲ್ಲೇ ಕೂತು ಸಭೆಗೆ ಸೇರಬಹುದು ಎಂದು ಹೇಳಿ ಟ್ಯಾಬ್ಲೆಟ್ ಹಂಚಿದ್ದರೂ, ಬರದಿದ್ದರೆ ಬೇರೆಯವರು ಏನಂದುಕೊಳ್ಳುತ್ತಾರೋ ಎಂದು ಹನ್ನೊಂದು ಜನರೂ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಮುದಾಯ ಭವನಕ್ಕೇ ಬಂದರು. ಚಾಪೆಯ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತು, ಪರದೆಯಲ್ಲಿ ಒಬ್ಬರಿಗೊಬ್ಬರು ತಲೆಬಾಗಿದರು. ಒಂದೇ ಕೋಣೆಯಲ್ಲಿ ಹನ್ನೊಂದು ಟ್ಯಾಬ್ಲೆಟ್ಟುಗಳು ಒಟ್ಟಿಗೆ ಕಿರುಚಿಕೊಂಡವು. ತೊಕುನಾಗಾ ಅಜ್ಜಿ ಶ್ರವಣಯಂತ್ರ ತೆಗೆದು ಚಹಾದ ಬಟ್ಟಲಿನಲ್ಲಿಟ್ಟರು.

ಚೀಟಿ ಬರೆಯಲು ಹತ್ತು ನಿಮಿಷ ಕೊಡಲಾಯಿತು. ಪರದೆಯ ಮೇಲೆ ಹನ್ನೊಂದು ಚೀಟಿಗಳು ಮೂಡಿದವು. ಹನ್ನೊಂದರಲ್ಲೂ ಇದ್ದುದು ಒಂದೇ ಮಾತು: ‘ಎಲ್ಲರೂ ಹೇಳಿದ ಹಾಗೆ.’ ಒಬ್ಬರು ಮಾತ್ರ ಮುಂದೆ ‘ದಯವಿಟ್ಟು’ ಸೇರಿಸಿದ್ದರು. ಒಂದೇ ಅರ್ಥದ ಚೀಟಿಗಳನ್ನು ಗುಂಪು ಮಾಡುವುದು ಆ ಯಂತ್ರದ ಕೆಲಸ. ಅದು ಹನ್ನೊಂದನ್ನೂ ಒಂದು ವೃತ್ತದೊಳಗೆ ಸೇರಿಸಿ, ಹಸಿರು ಅಕ್ಷರದಲ್ಲಿ ‘ಒಮ್ಮತ: ಶೇಕಡಾ ನೂರು’ ಎಂದು ತೋರಿಸಿತು.

ಯಾವ ಜಾಗಕ್ಕೆ ಒಮ್ಮತ ಎಂದು ಚಿಸಾಕೊ ಕೇಳಿದರು. ಎಲ್ಲರೂ ಪಕ್ಕದವರ ಟ್ಯಾಬ್ಲೆಟ್ ನೋಡಿದರು. ಕೊನೆಗೆ ಬೀದಿಯಲ್ಲಿ ಗಟ್ಟಿಯಾಗಿ ಮಾತಾಡುವ ಒಬ್ಬನೇ ಮನುಷ್ಯ, ಮೀನುದೋಣಿಗಳ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದ ಮುದುಕ ಮಿನೆಗಿಶಿ, ಬಾಯಿ ತೆರೆದ.

“ನೂರು ಅಂತ ಬಂದಿದೆಯಲ್ಲ ಬಸ್ಸಮ್ಮ. ನೂರಾದ ಮೇಲೆ ಇನ್ನೇನು ಕೇಳ್ತೀರಿ?”

ಎಲ್ಲರೂ ಚಪ್ಪಾಳೆ ತಟ್ಟಿದರು. ಹಿರುಕಾವಾ ಒಮ್ಮತವನ್ನು ದಾಖಲಿಸಿಕೊಂಡು, ‘ಜಾಗ’ ಎಂಬ ಅಂಕಣದಲ್ಲಿ ‘ಸಭೆ ಒಪ್ಪಿದಂತೆ’ ಎಂದು ಬರೆದರು.

ಮೊದಲ ಮಂಗಳವಾರ ಕಸದ ಲಾರಿ ತನ್ನ ಎಂದಿನ ಹಾಡು ಹಾಕಿಕೊಂಡು ಬಂತು. ಬೀದಿಯಲ್ಲಿ ಒಂದು ಚೀಲವೂ ಇರಲಿಲ್ಲ. ಹನ್ನೊಂದು ಕಿಟಕಿಗಳ ಪರದೆಗಳು ಒಂದೊಂದು ಬೆರಳಷ್ಟು ಸರಿದಿದ್ದವು. ಲಾರಿ ಹೊರಟುಹೋಯಿತು. ಶುಕ್ರವಾರವೂ ಹಾಗೇ ಆಯಿತು. ಮುಂದಿನ ಮಂಗಳವಾರ ತಿಂಗಳ ಕೊನೆಯ ಸರದಿ. ಅಂದೂ ಕಸ ಹೊರಬೀಳದಿದ್ದರೆ ಒಮ್ಮತವನ್ನು ದಾಖಲೆಯಿಂದ ತೆಗೆಯಬೇಕಾಗುತ್ತದೆ ಎಂದ ಹಿರುಕಾವಾ, ಹೇಗೂ ಹೋಗುತ್ತೀರಿ, ಟ್ಯಾಬ್ಲೆಟ್ಟುಗಳನ್ನು ವಾಪಸು ತನ್ನಿ ಎಂದರು.

ಆ ಮಂಗಳವಾರ ಬೆಳಿಗ್ಗೆ ಜಿನುಗು ಮಳೆ. ಚಿಸಾಕೊ ಟ್ಯಾಬ್ಲೆಟ್ಟುಗಳು ನೆನೆಯಬಾರದೆಂದು ಪುರಸಭೆಯ ಹಳದಿ ಕಸದ ಚೀಲವೊಂದನ್ನು ಬಿಡಿಸಿ ಹಿಡಿದು ಮನೆಮನೆಗೆ ಹೋದರು. ಪ್ರತಿ ಬಾಗಿಲಲ್ಲೂ ಟ್ಯಾಬ್ಲೆಟ್ಟನ್ನು ಎರಡು ಕೈಯಲ್ಲಿ ಒಪ್ಪಿಸಿದವರು, ಉಳಿದವರು ಎಲ್ಲಿಡುತ್ತಿದ್ದಾರೆ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಸಭೆ ನಡೆಸುವವರು ತಮ್ಮ ಅಭಿಪ್ರಾಯ ಹೇಳಬಾರದೆಂಬುದು ನಿಯಮ. ಚಿಸಾಕೊ ನಕ್ಕು ಮುಂದೆ ನಡೆದರು.

“ಫ್ರಿಜ್ ತುಂಬ ಮೀನಿನ ತಲೆಗಳೇ ಕಣಮ್ಮ,” ಎಂದರು ತೊಕುನಾಗಾ ಅಜ್ಜಿ. “ಬಾಗಿಲು ತೆಗೆದರೆ ಎಲ್ಲಾ ನನ್ನನ್ನೇ ನೋಡ್ತವೆ.”

“ಹಾಗಾದ್ರೆ ನೀವೇ ಮೊದಲು ಇಡಿ ಅಜ್ಜಿ.”

“ನಾನು ಹೇಗೆ ಇಡಲಿ? ಎಲ್ಲರೂ ಹೇಳಿದ ಹಾಗೆ ಅಂತ ಬರೆದುಕೊಟ್ಟಿದ್ದೀನಲ್ಲ.”

ಕೊನೆಯದು ಮಿನೆಗಿಶಿಯ ಮನೆ. ಅಲ್ಲಿಂದ ಹೊರಬರುವಾಗ ಹಿರುಕಾವಾ ಫೋನ್ ಮಾಡಿದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. ಫೋನಿಗೆ ಕೈ ಇರಲಿಲ್ಲ. ಚಿಸಾಕೊ ಚೀಲವನ್ನು ಮಿನೆಗಿಶಿಯ ಗೋಡೆಯ ಬುಡದಲ್ಲಿಟ್ಟು, ಬೀದಿಗೆ ಬೆನ್ನುಹಾಕಿ, ಇನ್ನೂ ಏನೂ ಆಗಿಲ್ಲವೆಂದು ಫೋನಿಗೆ ತಲೆಬಾಗಿ ಕ್ಷಮೆ ಕೇಳಿದರು.

ತಿರುಗಿ ನೋಡಿದಾಗ ಅವರ ಚೀಲದ ಪಕ್ಕ ನಾಲ್ಕು ಚೀಲಗಳಿದ್ದವು. ನೋಡುತ್ತಿದ್ದಂತೆ ಏಳಾದವು. ಜನ ತಲೆ ತಗ್ಗಿಸಿ ಬಂದು, ಇಟ್ಟು, ಓಡುನಡಿಗೆಯಲ್ಲಿ ಮರಳುತ್ತಿದ್ದರು. ಹತ್ತಾದ ಮೇಲೆ ಮಿನೆಗಿಶಿ ಹೊರಬಂದ. ತನ್ನದೇ ಗೋಡೆಗೆ ಒರಗಿದ ಸಾಲನ್ನು ಬಹಳ ಹೊತ್ತು ನೋಡಿದ. ತನ್ನ ಚೀಲವನ್ನು ತುದಿಗಿಟ್ಟು, ಕಾಲಿನಿಂದ ಸಾಲು ನೇರ ಮಾಡಿದ.

“ಎಲ್ಲರೂ ಇಲ್ಲೇ ಇಟ್ಟಿದ್ದಾರೆ. ನಾನೊಬ್ಬ ಬೇರೆ ಕಡೆ ಇಡೋಕಾಗುತ್ತಾ?” ಎಂದು ಒಳಗೆ ಹೋದ.

ಬೀದಿಯ ತುದಿಯಲ್ಲಿ ಲಾರಿಯ ಹಾಡು ಕೇಳಿತು. ಸಾಲಿನ ಮೊದಲ ಚೀಲದಲ್ಲಿ ಪುರಸಭೆಯ ಹನ್ನೊಂದು ಟ್ಯಾಬ್ಲೆಟ್ಟುಗಳಿದ್ದವು. ಚಿಸಾಕೊ ಅದರತ್ತ ಚಾಚಿದ ಕೈಯನ್ನು ಅರ್ಧದಲ್ಲೇ ತಡೆದರು. ಕಿಟಕಿಗಳ ಪರದೆಗಳು ಮತ್ತೆ ಬೆರಳಷ್ಟು ಸರಿದಿದ್ದವು. ತಾವು ಒಂದು ಚೀಲ ಎತ್ತಿದರೆ ಉಳಿದ ಹನ್ನೊಂದೂ ಮನೆಯೊಳಗೆ ವಾಪಸು ಹೋಗುತ್ತವೆಂಬುದು ಬಸ್ಸಿನಲ್ಲಿ ಮೂವತ್ತೊಂದು ವರ್ಷ ನಿಂತವರಿಗೆ ಗೊತ್ತಿತ್ತು. ಅವರು ಕೈಯನ್ನು ಕೋಟಿನ ಜೇಬಿಗೆ ಇಳಿಸಿದರು.

ಲಾರಿಯವನು ತುದಿಯಿಂದ ಶುರುಮಾಡಿ ಹನ್ನೊಂದು ಚೀಲಗಳನ್ನು ಲಾರಿಯೊಳಗೆ ಎಸೆದ. ಹನ್ನೆರಡನೆಯದನ್ನು ಎತ್ತಿ, ತೂಕ ನೋಡಿ, ಬೆಳಕಿಗೆ ಹಿಡಿದ. ಮತ್ತೆ ಕೆಳಗಿಟ್ಟು ಕೆಂಪು ಚೀಟಿ ಅಂಟಿಸಿದ: ‘ವಿಂಗಡಣೆ ತಪ್ಪಾಗಿದೆ. ಒಯ್ಯಲಾಗದು.’

ಲಾರಿ ಮರೆಯಾಗುವವರೆಗೆ ಚಿಸಾಕೊ ಕಾದರು. ನಂತರ ಚೀಲ ಎತ್ತಿಕೊಂಡು ಹನ್ನೊಂದು ಕಿಟಕಿಗಳಿಗೂ ಒಂದೊಂದು ಸಲ ಆಳವಾಗಿ ತಲೆಬಾಗಿದರು. ಕೊನೆಯ ಕಿಟಕಿ ತೆರೆಯಿತು.

“ಬಸ್ಸಮ್ಮ, ಬೇರೆ ಬೀದಿಯ ಕಸ ತಂದು ಇಲ್ಲಿ ಹಾಕಬಾರದು,” ಎಂದ ಮಿನೆಗಿಶಿ. “ಇದು ನಮ್ಮ ಜಾಗ.”

ಚಿಸಾಕೊ ಕ್ಷಮೆ ಕೇಳಿದರು. ಚೀಲವನ್ನು ಸೈಕಲ್ಲಿನ ಬುಟ್ಟಿಯಲ್ಲಿಟ್ಟು, ಹಿರುಕಾವಾಗೆ ಫೋನ್ ಮಾಡಿ, ಜಾಗದ ಅಂಕಣದಲ್ಲಿ ‘ಮಿನೆಗಿಶಿಯವರ ಗೋಡೆ’ ಎಂದು ಬರೆಸಿದರು. ಹೊಸ ಗುತ್ತಿಗೆಗೆ ಮೊಹರು ಒತ್ತಿದ್ದು ಏಪ್ರಿಲ್ ಒಂದರಂದು.