ಮುಗಿಯೋ ಆಟಕ್ಕೆ ಬಂದ ಸಾರಥಿ

ಸಾಯೋ ಎಮ್ಮೆಗೆ ಹುಲ್ಲು ಹಾಕಬಾರದು ಅನ್ನುವ ಪೈಕಿಯ ಮನುಷ್ಯ ಮೂಡಲಗಿರಿಯಪ್ಪ. ಹೊಳಲ್ಕೆರೆಯಲ್ಲಿ ಮೆಕ್ಕೆಜೋಳದ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಅವನಿಗೆ ಕೆಲಸ. ಮುಚ್ಚಿಹೋಗುವ ಅಂಗಡಿಯಲ್ಲಿ ಚಪ್ಪಲಿ ಕೊಳ್ಳುತ್ತಿರಲಿಲ್ಲ, ಒಡೆಯುವ ಸಂಘಕ್ಕೆ ಸದಸ್ಯನಾಗುತ್ತಿರಲಿಲ್ಲ. ಅಂಥವನನ್ನು ಅವನ ಹೆಂಡತಿಯ ತಮ್ಮ ದುರ್ಗೇಶ ಒಂದು ಮುದಿ ಆಟಕ್ಕೆ ಕರೆದ.

ದುರ್ಗೇಶನದು ಬಸ್‌ಸ್ಟ್ಯಾಂಡ್ ಹತ್ತಿರ ಸೈಬರ್ ಸೆಂಟರು. ಅಲ್ಲಿ ಕಂಪ್ಯೂಟರಿನೊಳಗೆ ಒಂದು ಆಟ. ಒಬ್ಬೊಬ್ಬರೂ ಒಂದೊಂದು ವೇಷ ಹೊತ್ತು, ಅವರವರ ಊರಿನಿಂದಲೇ ಒಂದೇ ಕಾಡಿನಲ್ಲಿ ಅಲೆಯಬೇಕು, ರಾಕ್ಷಸರನ್ನು ಹೊಡೆಯಬೇಕು. ಒಂದು ಕಾಲಕ್ಕೆ ಕುರ್ಚಿ ಸಿಗದೆ ಹುಡುಗರು ಬಡಿದಾಡುತ್ತಿದ್ದರಂತೆ. ಎರಡು ಸಾವಿರದ ಒಂಬತ್ತರ ಹೊತ್ತಿಗೆ ಆಟಕ್ಕೆ ಹತ್ತು ವರ್ಷ ತುಂಬಿ ಹುಡುಗರೆಲ್ಲ ಬಂದೂಕಿನ ಆಟಗಳಿಗೆ ಹಾರಿದ್ದರು. ಈ ಕಡೆಯವರು ಅಂತ ಉಳಿದವರು ಮೂವರೇ: ದುರ್ಗೇಶ, ಹೊಸದುರ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟ ಲಕ್ಷ್ಮೀಕಾಂತ, ಹಿರಿಯೂರಿನಲ್ಲಿ ಕಂಪ್ಯೂಟರ್ ಕಲಿಸುವ ಬೃಂದಾ. ಗಾಯ ಮಾಯಿಸುವ ವೈದ್ಯನ ವೇಷಕ್ಕೆ ಜನ ಇರಲಿಲ್ಲ. ಅವನಿಲ್ಲದೆ ದೊಡ್ಡ ಗವಿಗೆ ಇಳಿಯುವಂತಿಲ್ಲ.

ಬರುವುದೋ ಬಿಡುವುದೋ ಎಂದು ಮೂಡಲಗಿರಿಯಪ್ಪ ಮೆಕ್ಕೆಜೋಳದ ಸುಗ್ಗಿಯುದ್ದಕ್ಕೂ ತಲೆ ಕೆರೆದುಕೊಂಡ. ಆಟ ಬರುವುದಿಲ್ಲ ಎಂಬ ಹೆದರಿಕೆ ಅಲ್ಲ. ಲಾರಿ ನಂಬರು, ಮಾಲೀಕರ ಹೆಸರು ಹೊಡೆದು ಹೊಡೆದು ಇಂಗ್ಲಿಷ್ ಅಕ್ಷರ ಬೆರಳಿಗೆ ರೂಢಿಯಾಗಿತ್ತು. ಅವನ ಹೆದರಿಕೆಯೇ ಬೇರೆ.

ತೊಂಬತ್ತರ ಸುಮಾರಿಗೆ, ರಾಮಗಿರಿ ಕಡೆಯ ಅವನ ಊರಿಗೆ ಮೂಡಲಪಾಯದ ಬಯಲಾಟ ಕಲಿಸಲು ಮೂರ್ತಪ್ಪ ಎಂಬ ಮೇಷ್ಟ್ರು ಬಂದಿದ್ದರು. ಕಿರೀಟದ ಪಾತ್ರಗಳೆಲ್ಲ ಉಳ್ಳವರ ಮಕ್ಕಳಿಗೆ ಹೋದವು, ಎಂದಿನಂತೆ. ಇವನಿಗೆ ಸಿಕ್ಕಿದ್ದು ಸಾರಥಿ. ಕಿರೀಟ ಇಲ್ಲ, ಕತ್ತಿ ಇಲ್ಲ. ಆದರೆ ಆ ಆಟದ ಕಟ್ಟಳೆ ಎಂದರೆ, ರಾಜನೇ ಬರಲಿ ರಾಕ್ಷಸನೇ ಬರಲಿ, ಸಾರಥಿ ಎದುರು ನಿಂತು ‘ತಾವು ಧಾರು, ತಮ್ಮ ಸ್ಥಳ ಯಾವುದು, ನಾಮಾಂಕಿತವೇನು’ ಎಂದು ಕೇಳುವ ತನಕ ಒಬ್ಬನೂ ಬಾಯಿ ಬಿಡುವಂತಿಲ್ಲ. ಇದು ಮೂಡಲಗಿರಿಯಪ್ಪನಿಗೆ ಬಲು ಹಿಡಿಸಿತು. ಹೊಲಕ್ಕೆ ನೀರು ಕಟ್ಟುವಾಗ ಬದುವಿನ ಮೇಲೆ ನಿಂತು ಜಾಲಿ ಮರಗಳ ನಾಮಾಂಕಿತ ಕೇಳುತ್ತಿದ್ದ. ಆಟಕ್ಕೆ ದಿನ ಗೊತ್ತಾಯಿತು. ಅಷ್ಟರಲ್ಲಿ ದೊಡ್ಡ ಕಿರೀಟ ಯಾರ ತಲೆಗೆ ಎಂದು ಎರಡು ಮನೆಯವರು ಕೈ ಮಿಲಾಯಿಸಿ, ವೇಷದ ಪೆಟ್ಟಿಗೆಗೆ ಬೀಗ ಬಿತ್ತು. ಮೇಷ್ಟ್ರು ಬಸ್ಸು ಹತ್ತಿದರು. ಬೀಗ ತೆಗೆಯುವ ಹೊತ್ತಿಗೆ ಕಿರೀಟಗಳನ್ನು ಗೆದ್ದಲು ತಿಂದಿತ್ತು. ಕಲಿತ ಪ್ರಶ್ನೆಯನ್ನು ರಂಗದ ಮೇಲೆ ಒಬ್ಬ ಮನುಷ್ಯನಿಗೂ ಕೇಳದೆ ಅವನು ಹೊಳಲ್ಕೆರೆ ಸೇರಿದ. ಮುಗಿಯುವ ಆಟಕ್ಕೆ ಮನಸ್ಸು ಕೊಡಬಾರದು ಎಂದು ಅಂದೇ ಗಂಟು ಹಾಕಿಕೊಂಡಿದ್ದ.

ಆ ಗಂಟು ಈಗ ಅನ್ನ ಸೇರದ ಹಾಗೆ ಮಾಡಿತ್ತು. ಹೆಂಡತಿ ತಿಪ್ಪಮ್ಮನಿಗೆ ನೋಡಿ ನೋಡಿ ಸಾಕಾಯಿತು.

“ಆಡಾದಾದ್ರೆ ಆಡು, ಇಲ್ಲಾಂದ್ರೆ ಬಿಡು. ಎಮ್ಮೆ ಕಳಕಂಡೋನ ಮುಖ ಹೊತ್ಕಂಡು ನನ್ನ ಮುದ್ದೆ ಮುಂದೆ ಕುಂದ್ರಬ್ಯಾಡ.”

ಭಾನುವಾರ ಬೆಳಿಗ್ಗೆ ಅವನು ಸೈಬರ್ ಸೆಂಟರಿಗೆ ಹೋದ. ಆಡಲಿಕ್ಕಲ್ಲ, ನೋಡಲಿಕ್ಕೆ ಎಂದು ಬಾಗಿಲಲ್ಲೇ ಹೇಳಿದ. ದುರ್ಗೇಶ ಕುರ್ಚಿ ಎಳೆದು ಕೂರಿಸಿದ. ಇದು ಇನ್ನೆಷ್ಟು ದಿನ ಬದುಕುತ್ತದೆ ಎಂದು ಮೂಡಲಗಿರಿಯಪ್ಪ ನೇರ ಕೇಳಿದ.

“ಸುಳ್ಳ್ಯಾಕೆ ಹೇಳ್ಳಿ ಭಾವ. ಕಂಪನಿಯೋರು ಇವತ್ತು ಮುಚ್ತೀವಿ ಅಂದ್ರೆ ಇವತ್ತೇ.”

ಸುಳ್ಳು ಹೇಳಿದ್ದರೆ ಎದ್ದು ಹೋಗುತ್ತಿದ್ದನೇನೋ. ನಿಜ ಹೇಳಿದ್ದಕ್ಕೆ ಕುಂತ. ವೈದ್ಯನ ವೇಷ ಆರಿಸಿ, ಹೆಸರಿನ ಜಾಗದಲ್ಲಿ ‘ಸಾರಥಿ’ ಎಂದು ಹೊಡೆದ. ಪರದೆಯ ಮೇಲೆ ಒಂದು ಊರು ಬಿಚ್ಚಿಕೊಂಡಿತು. ಕಲ್ಲು ಹಾಸಿದ ಅಂಗಳ, ಬಾವಿ, ಒಂದು ಅಂಗಡಿ. ಅಂಗಡಿಯ ಮುಂದೆ ಗಡ್ಡದ ಮುದುಕನೊಬ್ಬ ನಿಂತಿದ್ದ. ಮೂಡಲಗಿರಿಯಪ್ಪ ಅವನೆದುರು ನಿಂತು, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆದು, ತಾವು ಧಾರು ಎಂದು ಕೇಳಿದ. ಮುದುಕ ಉಸಿರೆತ್ತಲಿಲ್ಲ. ಸ್ಥಳ ಕೇಳಿದ. ನಾಮಾಂಕಿತ ಕೇಳಿದ. ಮುದುಕ ಗಡ್ಡ ನೀವಿಕೊಂಡ, ಅಷ್ಟೆ.

“ಎಂಥ ಸೊಕ್ಕಲೇ ಇವನಿಗೆ.”

ದುರ್ಗೇಶ ಮೇಜು ಹಿಡಿದುಕೊಂಡು ನಕ್ಕ. “ಅದು ಮನುಷ್ಯ ಅಲ್ಲ ಭಾವ. ಕಂಪನಿಯೋರು ಮಾಡಿಟ್ಟಿರೋ ಗೊಂಬೆ. ಸಾಮಾನು ಮಾರಾದು ಬಿಟ್ರೆ ಏನೂ ತಿಳಿಯಲ್ಲ.”

ಮೂಡಲಗಿರಿಯಪ್ಪನ ಕಿವಿ ಬಿಸಿಯಾದವು. ಮೊದಲ ಸಲ ಕೇಳಿದ ಪ್ರಶ್ನೆ ಗೊಂಬೆಗೆ ಹೋಗಿತ್ತು. ಇಷ್ಟೇ ತನ್ನ ಯೋಗ್ಯತೆ ಎಂದು ಏಳಲು ಹೊರಟ. ಆಗ ಅಂಗಳಕ್ಕೆ ಕೊಡಲಿ ಹೊತ್ತ ಆಳೆತ್ತರದ ವೀರ ಬಂದು ಇವನೆದುರೇ ನಿಂತ. ಕೇಳಿದ್ದೆಲ್ಲ ಅಂಗಳದಲ್ಲಿದ್ದವರ ಪರದೆಯ ಮೇಲೂ ಬಿದ್ದಿತ್ತು. ವೀರನ ತಲೆಯ ಮೇಲೆ ಒಂದೊಂದೇ ಸಾಲು ಮೂಡತೊಡಗಿತು.

“ಭಲೇ ಸಾರಥಿ. ನನ್ನನ್ನೂ ಕೇಳುವಂಥವನಾಗು.”

ಮೂಡಲಗಿರಿಯಪ್ಪ ಕುರ್ಚಿಗೆ ಮರಳಿದ. ಮೂರನ್ನೂ ಸಾಲಾಗಿ ಕೇಳಿದ. ವೀರ ಹೇಳಿಕೊಂಡ: ಈ ಕೊಡಲಿ ಹಿಡಿದವಳು ಬೃಂದಾ, ಇರುವುದು ಹಿರಿಯೂರು, ಹುಟ್ಟಿದ್ದು ಜವಗೊಂಡನಹಳ್ಳಿ, ಅಜ್ಜ ಬಯಲಾಟದಲ್ಲಿ ರಾಕ್ಷಸ, ಚಿಕ್ಕವಳಾಗಿದ್ದಾಗ ಅಜ್ಜನ ಬಣ್ಣ ಕಂಡು ಅತ್ತಿದ್ದೆ. ಹಿಂದೆಯೇ ಬಿಲ್ಲುಗಾರನ ವೇಷದಲ್ಲಿ ಲಕ್ಷ್ಮೀಕಾಂತ ಓಡಿ ಬಂದು ತನ್ನನ್ನೂ ಕೇಳು ಎಂದು ಸಾಲಿನಲ್ಲಿ ನಿಂತ. ಧರಣಿ ಮುಷ್ಕರ ಮುಗಿದು ಏಳುವ ದಿನ ಬಂದವನಿಗೂ ಚಾಪೆಯ ಮೇಲೆ ಜಾಗ ಬಿಡುವ ಜನ ಇರುತ್ತಾರೆ. ಇವರು ಆ ಪೈಕಿ.

ದುರ್ಗೇಶ ಬಾಯಿ ತೆರೆದು ನೋಡುತ್ತಿದ್ದ. ಬೃಂದಾಳ ಜೊತೆ ವರ್ಷಗಟ್ಟಲೆ ರಾಕ್ಷಸರನ್ನು ಕೊಂದಿದ್ದ, ಅವಳು ಹುಟ್ಟಿದ ಊರು ಯಾವುದೆಂದು ಕೇಳಿರಲಿಲ್ಲ.

ಅವನೂ ಪಕ್ಕದ ಕಂಪ್ಯೂಟರಿಗೆ ಕೂತು ಸೇರಿಕೊಂಡ. ಅವತ್ತು ಗವಿಯ ಬಾಗಿಲಲ್ಲೇ ಹೆಗ್ಗಣದಂಥದ್ದೊಂದು ಕಚ್ಚಿ ಮೂಡಲಗಿರಿಯಪ್ಪನ ವೈದ್ಯ ಸತ್ತ. ಯಾರೂ ಬೈಯಲಿಲ್ಲ. ಹಳೆ ಆಟದಲ್ಲಿ ಯಾರಿಗೂ ಅವಸರವಿಲ್ಲ. ಮೂವರೂ, ಸತ್ತ ವೇಷ ಮತ್ತೆ ಜೀವ ಪಡೆಯುವ ಬಾವಿ ಕಟ್ಟೆಗೆ ವಾಪಸು ಬಂದು ಅವನು ಎದ್ದು ಬರುವ ತನಕ ಕಾದರು.

ಹೊರಡುವಾಗ ದುರ್ಗೇಶ ಮೆಲ್ಲಗೆ, ನಾಳೆಯೇ ಮುಚ್ಚಿಬಿಟ್ಟರೆ ಬೇಜಾರಾಗಲ್ವ ಎಂದು ಕೇಳಿದ.

“ಮುಚ್ಚಲಿ ಬಿಡಲೇ. ನಾನು ಕೇಳಾದು ಕೇಳಿದೆ, ಅವರು ಹೇಳಾದು ಹೇಳಿದ್ರು. ಅದಕ್ಕೆ ಯಾವನು ಬೀಗ ಹಾಕ್ತಾನೆ?”

ಮನೆಗೆ ಬಂದವನೇ ತಟ್ಟೆ ಎಳೆದುಕೊಂಡು ಮುದ್ದೆ ಮುರಿದ. ಒಂದು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದ. ತಿಪ್ಪಮ್ಮ ಅವನ ಮುಖ ನೋಡಿ ಸಾರು ಬಿಟ್ಟಳು.